ಬಸ್ ಬರುವ ತನಕ

ಕೇಳುಗರಿಗೆ ನಮಸ್ಕಾರ.

ಹನ್ನೊಂದು ವರ್ಷಗಳಿಂದ ನನ್ನ ಕೈಚೀಲದಲ್ಲಿ ಅಂಗೈ ಅಗಲದ ಒಂದು ನೋಟ್ ಪುಸ್ತಕ ಇರುತ್ತದೆ. ಈಗ ಇರುವುದು ಹತ್ತೊಂಬತ್ತನೆಯದು. ಅದರ ತುಂಬ ಚಿತ್ರಗಳು; ಬಹುಪಾಲು ಅರ್ಧಕ್ಕೆ ನಿಂತವು. ಒಬ್ಬ ಅಜ್ಜನ ಬೆನ್ನು ಇದೆ, ಕೊಡೆಯ ಹಿಡಿ ಇದೆ, ತಲೆ ಇಲ್ಲ. ಶಾಲೆಯ ಹುಡುಗಿಯ ಎರಡು ಜಡೆ, ಬಿಚ್ಚಿಹೋದ ಒಂದು ರಿಬ್ಬನ್, ಭುಜವನ್ನು ಜಗ್ಗುವ ಚೀಲ ಇದೆ, ಕಾಲುಗಳಿಲ್ಲ. ಒಂದು ಪುಟದಲ್ಲಂತೂ ಬರೀ ಒಂದು ಮೊಣಕೈ. ಇವನ್ನೆಲ್ಲ ಬರೆದದ್ದು ಬೆಂಗಳೂರಿನ ಬಸ್ ನಿಲ್ದಾಣಗಳಲ್ಲಿ ನಿಂತು. ನನ್ನ ಬಸ್ ಬಂದರೆ ಗೆರೆ ಅಲ್ಲಿಗೆ ನಿಲ್ಲುತ್ತದೆ. ಅವರ ಬಸ್ ಬಂದರೂ ಅಷ್ಟೆ.

ಚಿತ್ರ ಬರೆಯಲು ಬಿಡುವಿಲ್ಲ, ಕಥೆ ಬರೆಯಲು ಬಿಡುವಿಲ್ಲ, ಈ ಊರು ನಮ್ಮ ಹೊತ್ತನ್ನೆಲ್ಲ ನುಂಗುತ್ತದೆ ಎಂದು ನಾನೂ ಬಹಳ ಕಾಲ ಹೇಳಿಕೊಂಡು ಓಡಾಡಿದ್ದೆ. ಆಮೇಲೆ ಒಂದು ವಾರ ಲೆಕ್ಕ ಇಟ್ಟೆ. ನಿಲ್ದಾಣದಲ್ಲಿ, ಸಿಗ್ನಲ್‌ನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ವೈದ್ಯರ ಕೋಣೆಯ ಹೊರಗಿನ ಬೆಂಚಿನ ಮೇಲೆ, ಎಲ್ಲ ಸೇರಿ ಆ ವಾರ ನಾನು ಒಂಬತ್ತು ಗಂಟೆ ಸುಮ್ಮನೆ ಕಾದಿದ್ದೆ. ನಗರ ನನ್ನಿಂದ ಕಿತ್ತುಕೊಂಡಿದೆ ಎಂದುಕೊಂಡಿದ್ದ ಹೊತ್ತು ಅಲ್ಲೇ ಇತ್ತು, ಚಿಲ್ಲರೆಯಾಗಿ. ಆ ಚಿಲ್ಲರೆ ಹೊತ್ತಿನಲ್ಲಿ ನನಗೆ ಕಂಡದ್ದನ್ನು ಇಂದು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಮೊದಮೊದಲು ಮುಖಗಳ ಹಿಂದೆ ಬಿದ್ದಿದ್ದೆ. ಮುಖ ನಿಲ್ಲುವುದಿಲ್ಲ. ಮೊಬೈಲ್ ನೋಡುತ್ತದೆ, ಬಸ್ಸಿನ ಸಂಖ್ಯೆ ಹುಡುಕುತ್ತದೆ, ಆಕಳಿಸುತ್ತದೆ. ಆದರೆ ದೇಹದ ನಿಲುವು ಸ್ವಲ್ಪ ಹೊತ್ತು ಹಾಗೇ ಇರುತ್ತದೆ. ಒಂದು ಬೆಳಗ್ಗೆ ರಾತ್ರಿ ಪಾಳಿ ಮುಗಿಸಿ ಹೊರಟಿದ್ದ ದಾದಿಯೊಬ್ಬರು ಕಂಬದ ಪಕ್ಕ ನಿಂತಿದ್ದರು. ಭಾರವೆಲ್ಲ ಬಲಗಾಲಿನ ಮೇಲೆ. ಸೊಂಟ ಆ ಕಡೆಗೆ ಏರಿತ್ತು. ಅದನ್ನು ಸರಿದೂಗಿಸಲು ಹೆಗಲು ಇತ್ತ ಇಳಿದಿತ್ತು. ತಲೆ ಮತ್ತೆ ಅತ್ತ ವಾಲಿತ್ತು. ಮೂರು ಬಳುಕು. ಬರೆಯುತ್ತ ಬರೆಯುತ್ತ ಕೈ ತಡೆಯಿತು. ಈ ನಿಲುವನ್ನು ನಾನು ಮೊದಲೇ ನೋಡಿದ್ದೆ. ಬೇಲೂರಿನ ಮದನಿಕೆಯರ ಎದುರು ನಿಂತಾಗ ಮಾರ್ಗದರ್ಶಿಯ ಬಾಯಲ್ಲಿ ಕೇಳಿದ್ದ ತ್ರಿಭಂಗ ಎಂಬ ಮಾತು ನನಗೆ ನಿಜವಾಗಿ ಅರ್ಥವಾದದ್ದು ಆ ದಾದಿಯ ದಣಿದ ನಿಲುವಿನಲ್ಲಿ. ಒಂಬೈನೂರು ವರ್ಷಗಳ ಹಿಂದಿನ ಆ ಶಿಲ್ಪಿಯೂ ಬಾವಿಕಟ್ಟೆಯಲ್ಲೋ ಸಂತೆಯಲ್ಲೋ ಕಾಯುತ್ತ ನಿಂತವರನ್ನು ಹೀಗೆಯೇ ನೋಡಿದ್ದಿರಬೇಕು ಎಂದು ಅಂದಿನಿಂದ ನನ್ನ ನಂಬಿಕೆ.

ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರು ಎಳೆಯ ವಯಸ್ಸಿನಿಂದಲೇ ಕಾಗೆಗಳನ್ನು ಬರೆಯುತ್ತಿದ್ದರು. ಮರದ ಹಸಿರು, ಮಣ್ಣಿನ ಕೆಂಪು, ಆಕಾಶದ ನೀಲಿ, ಯಾವುದರ ಮುಂದೆ ಇಟ್ಟರೂ ಕಾಗೆಯ ಕಪ್ಪು ಎದ್ದು ಕಾಣುತ್ತದೆ ಎಂಬುದು ಆ ಹುಡುಗನ ಕಣ್ಣಿಗೆ ಬಿದ್ದಿತ್ತು. ಮುಂದೆ ದೇಶಕ್ಕೆಲ್ಲ ಹೆಸರಾದ ವ್ಯಂಗ್ಯಚಿತ್ರಕಾರರಾದ ಮೇಲೂ ಅವರು ಕಾಗೆಯನ್ನು ಬಿಡಲಿಲ್ಲ. ನವಿಲನ್ನು ನೋಡಲು ಕಾಡಿನ ಅಂಚಿಗೆ ಹೋಗಬೇಕು. ಕಾಗೆ ನಮ್ಮ ನೀರಿನ ಟ್ಯಾಂಕಿನ ಮೇಲೆಯೇ ಇದೆ.

ನನ್ನ ನಿಲ್ದಾಣದ ಎದುರಿಗೆ ಹಳೆಯ ಹೆಂಚಿನ ಮನೆಯೊಂದಿದೆ. ಬೆಳಗ್ಗೆ ಆರೂಕಾಲಿಗೆ ಆ ಮನೆಯ ಅಮ್ಮ ಹೊರಗೆ ಬರುತ್ತಾರೆ. ನೀರು ಚಿಮುಕಿಸಿ, ಗುಡಿಸಿ, ನೆಲ ಇನ್ನೂ ತೇವವಾಗಿರುವಾಗಲೇ ಬಗ್ಗಿ ಚುಕ್ಕಿ ಇಡಲು ಆರಂಭಿಸುತ್ತಾರೆ. ಸಾಮಾನ್ಯ ದಿನ ಚಿಕ್ಕದು, ಶುಕ್ರವಾರ ದೊಡ್ಡದು. ಒಂದು ಶುಕ್ರವಾರ ಅವರು ಇಟ್ಟದ್ದು ಹದಿನೈದರಿಂದ ಎಂಟರ ಸಂದು ಚುಕ್ಕಿ. ರಂಗೋಲಿ ಬಲ್ಲವರಿಗೆ ಈ ಮಾತು ಗೊತ್ತು. ನೇರ ಚುಕ್ಕಿಯಲ್ಲಿ ಚುಕ್ಕಿಯ ಕೆಳಗೆ ಚುಕ್ಕಿ ಬರುತ್ತದೆ. ಸಂದು ಚುಕ್ಕಿಯಲ್ಲಿ ಎರಡು ಚುಕ್ಕಿಗಳ ನಡುವಿನ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರುತ್ತದೆ. ಮೊದಲು ನಡುವಿನ ಸಾಲಿಗೆ ಹದಿನೈದು. ಅದರ ಮೇಲೂ ಕೆಳಗೂ ಹದಿನಾಲ್ಕು, ಹದಿಮೂರು, ಹನ್ನೆರಡು, ಹೀಗೆ ಇಳಿಯುತ್ತ ಎರಡೂ ಕಡೆ ಎಂಟಕ್ಕೆ ನಿಲ್ಲಬೇಕು. ನಾನು ಪುಸ್ತಕದಲ್ಲಿ ಕೂಡಿ ನೋಡಿದೆ: ಒಟ್ಟು 169 ಚುಕ್ಕಿ. ಅವರು ಎಣಿಸಲಿಲ್ಲ. ಹೆಬ್ಬೆರಳು ತೋರುಬೆರಳುಗಳ ನಡುವೆ ಪುಡಿ ಎಷ್ಟು ಜಾರಬೇಕೋ ಅಷ್ಟೇ ಜಾರುತ್ತಿತ್ತು. ನಡುವೆ ಒಮ್ಮೆ ಹಾಲಿನವನೊಂದಿಗೆ ಮಾತನಾಡಿದರು, ಚುಕ್ಕಿ ತಪ್ಪಲಿಲ್ಲ.

ಆಮೇಲೆ ಎಳೆ. ಒಂದೇ ಎಳೆ ಎಲ್ಲ ಚುಕ್ಕಿಗಳ ಸುತ್ತ ಸುತ್ತಿ ಹೊರಟಲ್ಲಿಗೇ ಬಂದು ಕೂಡಿಕೊಳ್ಳಬೇಕು. ಎಲ್ಲಿ ಯಾವ ಕಡೆಗೆ ತಿರುಗಬೇಕೆಂಬುದು ಹಾಕುವವರ ಮನಸ್ಸಿನಲ್ಲಿ ಮೊದಲೇ ಇರಬೇಕು. ತಮಿಳುನಾಡಿನಲ್ಲಿ ಕೋಲಂ ಎನ್ನುವ ಇದೇ ಕಲೆಯನ್ನು ಮದರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ಗಣಕ ವಿಜ್ಞಾನದ ಕಣ್ಣಿನಿಂದ ನೋಡಿದರು. ಭಾಷೆಗೆ ವ್ಯಾಕರಣ ಇರುವಂತೆ ಚಿತ್ರಕ್ಕೂ ವ್ಯಾಕರಣ ಬರೆಯಬಹುದೇ ಎಂಬ ಅವರ ಪ್ರಶ್ನೆಗೆ ಮನೆಯ ಹೆಂಗಸರು ಬಿಡಿಸುವ ಎಳೆಗಳೇ ಉದಾಹರಣೆಗಳಾದವು. ಇದನ್ನು ಓದಿದ ದಿನ ನನಗೆ ಆದ ಸಂತೋಷ ದೊಡ್ಡದು. ಎದುರು ಮನೆಯ ಅಮ್ಮನಿಗೆ ಹೇಳಬೇಕೆಂದು ರಸ್ತೆ ದಾಟಿ ಹೋದೆ. ಅವರು ಗಮನವಿಟ್ಟು ಕೇಳಿ, "ನಮ್ಮ ಅತ್ತೆ ಇಪ್ಪತ್ತೊಂದರದು ಹಾಕುತ್ತಿದ್ದರು" ಎಂದರು.

ಎಂಟು ಗಂಟೆಯ ಹೊತ್ತಿಗೆ ಆ ರಂಗೋಲಿಯ ಮೇಲೆ ಸ್ಕೂಟರ್ ಹೋಗಿರುತ್ತದೆ, ಶಾಲೆಯ ವ್ಯಾನ್ ನಿಂತಿರುತ್ತದೆ. ಮೊದಮೊದಲು ನನಗೆ ಹೊಟ್ಟೆ ಉರಿಯುತ್ತಿತ್ತು. ಅವರಿಗೆ ಏನೂ ಅನ್ನಿಸುತ್ತಿರಲಿಲ್ಲ. ನಾಳೆಯ ನೆಲ ಖಾಲಿ ಇರಬೇಕಲ್ಲವೇ? ಇದನ್ನು ನೋಡಿದ ಮೇಲೆ ನನ್ನ ಅರ್ಧ ಚಿತ್ರಗಳನ್ನು ಮನೆಗೆ ಹೋಗಿ ನೆನಪಿನಿಂದ ತುಂಬಿಸುವ ಅಭ್ಯಾಸವನ್ನು ಬಿಟ್ಟೆ. ಹೊಸ್ತಿಲಿಗೆ ಅಂಟಿಸುವ ಪ್ಲಾಸ್ಟಿಕ್ ರಂಗೋಲಿಯ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಹೊತ್ತಿಲ್ಲದವರು, ಬಗ್ಗಲಾರದವರು ಅಂಟಿಸಿದರೆ ಅದರಲ್ಲಿ ತಪ್ಪು ಹುಡುಕುವುದು ಸರಿಯಲ್ಲ. ಆದರೆ ಮಕ್ಕಳಿರುವ ಮನೆಯಲ್ಲಿ ವಾರಕ್ಕೊಮ್ಮೆಯಾದರೂ, ಐದು ಚುಕ್ಕಿಯದಾದರೂ, ಕೈಯಿಂದಲೇ ಬರಲಿ ಎಂದು ಬೇಡಿಕೊಳ್ಳುತ್ತೇನೆ. ಬೆರಳು ಕಲಿಯುವುದು ಹಾಗೆಯೇ.

ಅಕ್ಷರಗಳ ವಿಷಯಕ್ಕೆ ಬರುತ್ತೇನೆ. ನಮ್ಮ ಬಡಾವಣೆಯಲ್ಲಿ ಒಂದು ಹಿಟ್ಟಿನ ಗಿರಣಿಗೆ ಹೊಸ ಫಲಕ ಬರೆಯುವುದನ್ನು ಮೂರು ಸಂಜೆ ನಿಂತು ನೋಡಿದೆ. ಹಿರಿಯ ವಯಸ್ಸಿನ ಕಲಾವಿದರು. ಸೀಮೆಸುಣ್ಣ ಸವರಿದ ದಾರವನ್ನು ಎರಡು ಕಡೆ ಬಿಗಿದು, ನಡುವೆ ಚಿಟಿಕೆ ಹೊಡೆದರು. ಫಲಕದ ಮೇಲೆ ನೇರ ಬಿಳಿ ಗೆರೆ ಮೂಡಿತು. ಅಂಥ ಮೂರು ಗೆರೆಗಳು. ಮೂರನೆಯದು ಯಾಕೆ ಎಂದು ಕೇಳಿದೆ. "ಒತ್ತಕ್ಷರಕ್ಕೆ" ಎಂದರು. ಕನ್ನಡದ ಸೊಗಸು ಅಲ್ಲಿದೆ. ನಮ್ಮ ಅಕ್ಷರ ನೆಲದ ಕೆಳಕ್ಕೂ ಬೇರು ಬಿಡುತ್ತದೆ. ಹಿಟ್ಟು ಎಂದು ಬರೆದರೆ ಕೆಳಗೊಂದು ಒತ್ತು ಇಳಿಯಬೇಕು. ಅದಕ್ಕೆ ಜಾಗ ಮೊದಲೇ ಬಿಟ್ಟಿರಬೇಕು. ಇಂದು ಗಣಕದಲ್ಲಿ ಅವಸರವಾಗಿ ಮಾಡಿದ ಎಷ್ಟೋ ಫ್ಲೆಕ್ಸ್ ಫಲಕಗಳಲ್ಲಿ ಒತ್ತಕ್ಷರ ಹೋಗಿ ಕೆಳಗಿನ ಫೋನ್ ಸಂಖ್ಯೆಗೆ ಡಿಕ್ಕಿ ಹೊಡೆದಿರುತ್ತದೆ. ಗಮನಿಸಿ ನೋಡಿ. ಅವರು ತಲೆಕಟ್ಟನ್ನು ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದರು. ಚಪ್ಪಟೆ ಕುಂಚವನ್ನು ಕೊನೆಯಲ್ಲಿ ಕೊಂಚ ತಿರುಗಿಸಿದರೆ ಅದರ ಬಾಲ ಹಕ್ಕಿಯ ರೆಕ್ಕೆಯ ಹಾಗೆ ಮೇಲೇಳುತ್ತಿತ್ತು. ಆ ತಿರುವನ್ನು ಆಮೇಲೆ ನಮ್ಮ ಸುತ್ತಮುತ್ತ ಇನ್ನೂ ನಾಲ್ಕು ಫಲಕಗಳಲ್ಲಿ ಗುರುತಿಸಿದೆ: ಒಂದು ಸೈಕಲ್ ಅಂಗಡಿ, ಒಂದು ಗ್ರಂಥಿಗೆ ಅಂಗಡಿ, ಎರಡು ಲಾರಿ. ಯಾವುದರಲ್ಲೂ ಸಹಿ ಇಲ್ಲ. ಆದರೂ ಇದು ಅವರದೇ ಕೈ ಎಂದು ಧೈರ್ಯವಾಗಿ ಹೇಳಬಲ್ಲೆ.

ಫ್ಲೆಕ್ಸ್ ಬಂದಾಗ ಇಂಥ ಎಷ್ಟೋ ಕೈಗಳು ಖಾಲಿಯಾದವು. ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ನಾಯಕರ ಆಳೆತ್ತರದ, ಮಹಡಿಯೆತ್ತರದ ಮುಖಗಳನ್ನು ಬರೆಯುತ್ತಿದ್ದವರು ಬೇರೆ ಬೇರೆ ಉದ್ಯೋಗ ಹಿಡಿದರು. ಮುಂದೆ ಮಹಾನಗರ ಪಾಲಿಕೆ ರಸ್ತೆಬದಿಯ ಗೋಡೆಗಳ ಮೇಲೆ ಚಿತ್ರ ಬರೆಸಲು ಹೊರಟಾಗ ಅವರಲ್ಲಿ ಹಲವರು ಮತ್ತೆ ಕುಂಚ ಹಿಡಿದರು. ಹಂಪಿಯ ಕಲ್ಲಿನ ರಥ, ಯಕ್ಷಗಾನದ ಕಿರೀಟ, ಕಾಡಾನೆಗಳು ನಮ್ಮ ಸಿಗ್ನಲ್‌ಗಳ ಪಕ್ಕಕ್ಕೆ ಬಂದದ್ದು ಹಾಗೆ. ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂಬ ಕಾನೂನು 2024ರಲ್ಲಿ ಬಂದಿದೆ. ಅಳತೆ ಸಿಕ್ಕಿತು, ಒಳ್ಳೆಯದಾಯಿತು. ಆ ಅರವತ್ತು ಭಾಗದಲ್ಲಿ ಒಂದಿಷ್ಟಾದರೂ ಕೈಬರಹವಾಗಿರಲಿ ಎಂಬುದು ನನ್ನ ಆಸೆ.

ಸಿಗ್ನಲ್‌ನಲ್ಲಿ ಗಾಡಿ ನಿಂತಾಗ ಮುಂದಿನ ಕಾರಿನ ಗಾಜಿನ ಮೇಲೆ ಟಬೆಬೂಯ ಮರದ ಗುಲಾಬಿ ಬಣ್ಣದ ಹೂವು ಉದುರುತ್ತದೆ. ಟಬೆಬೂಯ ನಮ್ಮ ನಾಡಿನದಲ್ಲ. ದಕ್ಷಿಣ ಅಮೆರಿಕದ ಕಡೆಯಿಂದ ಬಂದದ್ದು. ಬೆಂಗಳೂರಿನ ರಸ್ತೆಗಳಲ್ಲಿ ಒಂದು ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷವಿಡೀ ಯಾವುದಾದರೂ ಒಂದು ಬಣ್ಣ ಇರಬೇಕು ಎಂದು ಯೋಚಿಸಿದವರು ಗುಸ್ತಾವ್ ಕ್ರುಂಬಿಗಲ್. 1865ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡದಲ್ಲಿ ಕೆಲಸ ಮಾಡಿ, 1908ರಲ್ಲಿ ಲಾಲ್‌ಬಾಗಿಗೆ ಬಂದವರು. 1956ರಲ್ಲಿ ಇದೇ ಊರಿನಲ್ಲಿ ಮಣ್ಣಾದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಲಕ್ಷಾಂತರ ಸಸಿಗಳನ್ನು ಮತ್ತೆ ರಸ್ತೆಬದಿಗೆ ನೆಡಿಸಿದರು. ಮಾರ್ಚ್‌ನಲ್ಲಿ ಹೊಂಗೆಯ ಎಳೆಹಸಿರು, ಜಕರಂಡದ ನೇರಳೆ, ಮೇ ತಿಂಗಳಿಗೆ ಗುಲ್‌ಮೊಹರಿನ ಕೆಂಪು, ಮಳೆ ಕಳೆದ ರಾತ್ರಿಗಳಲ್ಲಿ ಆಕಾಶಮಲ್ಲಿಗೆಯ ಘಮ. ಹನ್ನೆರಡು ತಿಂಗಳು ಬೇಕು ಈ ಒಂದು ಚಿತ್ರವನ್ನು ಪೂರ್ತಿ ನೋಡಲು. ಬರೆದವರು ತಾವು ಬರೆದದ್ದು ಹೀಗೆ ಬೆಳೆಯುವುದನ್ನು ಕಾಣದೆ ಹೋದರು. ಕೆಂಪು ದೀಪದ ಎದುರು ನಿಂತ ನಾವು ಕಾಣುತ್ತಿದ್ದೇವೆ.

ಮರವಿಲ್ಲದ ರಸ್ತೆಯಲ್ಲಿ ಗುಂಡಿ ಇರುತ್ತದೆ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದಲ್ಲಿ ನೀರು ತುಂಬಿದ ಗುಂಡಿಯೊಂದಕ್ಕೆ ತಾವೇ ಮಾಡಿದ ಮೊಸಳೆಯ ಪ್ರತಿಕೃತಿಯನ್ನು ತಂದು ಬಿಟ್ಟರು. 2019ರಲ್ಲಿ ಇನ್ನೊಂದು ಹಾಳಾದ ರಸ್ತೆಯಲ್ಲಿ ಗಗನಯಾತ್ರಿಯ ವೇಷ ತೊಟ್ಟವರನ್ನು ಚಂದ್ರನ ಮೇಲೆ ನಡೆದಂತೆ ನಡೆಸಿದರು. ದಿನವೂ ಸಾವಿರಾರು ಜನ ದಾಟಿ ಹೋದ ನೀರಿನಲ್ಲಿ ಒಬ್ಬರ ಕಣ್ಣಿಗೆ ಕೆರೆ ಕಂಡಿತು, ಇನ್ನೊಂದು ಇರುಳು ಅದೇ ಕಣ್ಣಿಗೆ ಡಾಂಬರಿನಲ್ಲಿ ಚಂದ್ರ ಕಂಡ.

ಚಿತ್ರ ತೋರಿಸಲಾಗದ ಬಾನುಲಿಯಲ್ಲಿ ಕುಳಿತು ಇಷ್ಟು ಹೊತ್ತು ಚಿತ್ರದ ಮಾತನ್ನೇ ಆಡಿದೆ. ಕಿವಿಗೂ ಈ ಊರು ಧಾರಾಳವಾಗಿ ಕೊಡುತ್ತದೆ. ಹೋಟೆಲಿನವನು ಎರಡು ಲೋಟಗಳ ನಡುವೆ ಕಾಫಿ ಎತ್ತಿ ಸುರಿಯುವ ಸದ್ದು ಲೋಟ ತುಂಬುತ್ತ ಬಂದಂತೆ ಏರುತ್ತದೆ. ರಂಗೋಲಿ ಪುಡಿ ಮಾರುವವರ ಕೂಗಿನ ಕೊನೆಯ ಸ್ವರ ಒಂದು ಬೀದಿಯುದ್ದಕ್ಕೂ ಇರುತ್ತದೆ. ರಂಗಭೂಮಿ ಗ್ರಾಂಥಿಕ ಭಾಷೆಯಲ್ಲಿ ಮಾತನಾಡುತ್ತಿದ್ದ ಕಾಲದಲ್ಲಿ ಟಿ.ಪಿ. ಕೈಲಾಸಂ ಈ ನಗರದ ಮನೆಗಳ ನಡುಮನೆಯಲ್ಲಿ, ಜಗುಲಿಯಲ್ಲಿ ಕೇಳಿದ ಮಾತನ್ನೇ, ಅದರ ಇಂಗ್ಲಿಷ್ ಬೆರಕೆಯ ಸಮೇತ, ರಂಗದ ಮೇಲೆ ತಂದರು. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದವರು ಅವರು. ಕಲ್ಲಿನ ಪದರಗಳನ್ನು ಓದಲು ಕಲಿತ ಮನುಷ್ಯ ಮನೆಮಾತಿನ ಪದರಗಳನ್ನು ಓದಿದ. ಬಸ್ಸಿನಲ್ಲಿ ಹಿಂದಿನ ಸೀಟಿನ ಇಬ್ಬರ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಕೈಲಾಸಂ ನೆನಪಾಗುತ್ತಾರೆ.

ಕಳೆದ ತಿಂಗಳ ಒಂದು ಸಂಜೆಯ ಸಂಗತಿ ಹೇಳಿ ಮುಗಿಸುತ್ತೇನೆ. ನಿಲ್ದಾಣದ ಪಕ್ಕದಲ್ಲಿ ಹೂವು ಮಾರುವ ಹೆಂಗಸನ್ನು ಬರೆಯುತ್ತಿದ್ದೆ. ಎರಡು ಮೊಗ್ಗು ಆ ಕಡೆ, ಎರಡು ಮೊಗ್ಗು ಈ ಕಡೆ, ಒಂದು ಸುತ್ತು, ಒಂದು ಗಂಟು. ಕೈ ನಿಲ್ಲುವುದೇ ಇಲ್ಲ. ಅವರು ಕುತ್ತಿಗೆ ಚಾಚಿ ನನ್ನ ಪುಸ್ತಕ ನೋಡಿದರು. ಮುಖ ಹೇಗಿದೆ ಎಂದು ಕೇಳುತ್ತಾರೆಂದುಕೊಂಡೆ. "ದಾರ ತಪ್ಪಾಗಿದೆ" ಎಂದರು. "ಅದು ಈ ಬೆರಳಿನ ಮೇಲಿಂದ ಬರಬೇಕು. ನೀವು ಬರೆದ ಹಾಗೆ ಹಿಡಿದರೆ ಗಂಟು ಬೀಳುವುದಿಲ್ಲ." ಕೈಯನ್ನು ನನ್ನ ಕಣ್ಣಿನ ಹತ್ತಿರ ತಂದು, ಮೂರು ಬಾರಿ ನಿಧಾನವಾಗಿ ಗಂಟು ಹಾಕಿ ತೋರಿಸಿದರು. ಆಗಲೇ ನನ್ನ ಬಸ್ ಬಂತು. ನಾನು ಹತ್ತಲಿಲ್ಲ. ಬೆರಳನ್ನು ಅಳಿಸದೆ ಪಕ್ಕದಲ್ಲೇ ಮತ್ತೊಂದು ಕೈ ಬರೆದೆ, ದಾರ ಸರಿಯಾದ ಬೆರಳಿನ ಮೇಲಿಂದ ಹಾಯುವಂತೆ. ಅವರು ಮತ್ತೆ ಬಗ್ಗಿ ನೋಡಿ, ತಲೆಯಾಡಿಸಿ, ಮಲ್ಲಿಗೆಯ ಬುಟ್ಟಿಗೆ ನೀರು ಚಿಮುಕಿಸಿದರು. ಪುಟದ ಮೂಲೆಯಲ್ಲಿ ಆ ನೀರಿನ ಎರಡು ಹನಿಯ ಗುರುತು ಇನ್ನೂ ಇದೆ.

ನಮಸ್ಕಾರ.