ಮಳೆಯಲ್ಲಿ ನೀಲಗಿರಿ ರೈಲು: ನಾವು ಬಿಟ್ಟುಬಿಡುವ ಅರ್ಧ ದಾರಿ

ಎಲ್ಲರಿಗೂ ನಮಸ್ಕಾರ. ಊಟಿ ರೈಲು ಹತ್ತಿದವರು ಒಂದ್ಸಲ ಕೈ ಎತ್ತಿ. ಪರವಾಗಿಲ್ಲ, ತುಂಬಾ ಜನ ಇದ್ದೀರಿ. ಆದರೆ ನಮ್ಮ ಕಡೆಯವರು ಹೆಚ್ಚಾಗಿ ಮೈಸೂರು, ಬಂಡೀಪುರ, ಗೂಡಲೂರು ಅಂತ ರಸ್ತೆಯಲ್ಲೇ ಊಟಿಗೆ ಹೋಗಿ, ಅಲ್ಲಿಂದ ಕೂನೂರಿಗೆ ರೈಲಲ್ಲಿ ಒಂದು ಸುತ್ತು ಹಾಕಿ, ಅದನ್ನೂ ನೋಡಿದ್ದಾಯ್ತು ಅಂತ ವಾಪಸ್ ಬರುತ್ತೇವೆ, ಅಲ್ವಾ? ಆ ತುಂಡಿಗೆ ಡೀಸೆಲ್ ಎಂಜಿನ್. ಉಗಿ ಎಂಜಿನ್ ಇರುವುದು ಕೆಳಗಿನ ಅರ್ಧದಲ್ಲಿ, ಮೆಟ್ಟುಪಾಳ್ಯಂನಿಂದ ಕೂನೂರಿನವರೆಗೆ. 1899ರಲ್ಲಿ ಮೊದಲು ಶುರುವಾದದ್ದೂ ಅದೇ ದಾರಿ. ಊಟಿ ಮುಟ್ಟಿದ್ದು 1908ರಲ್ಲಿ.

ಬೆಳಿಗ್ಗೆ ಏಳರ ಸುಮಾರಿಗೆ ಮೆಟ್ಟುಪಾಳ್ಯಂ ಬಿಟ್ಟರೆ ಊಟಿಗೆ ಮಧ್ಯಾಹ್ನ. ಇರುವುದು 46 ಕಿ.ಮೀ. ಅಷ್ಟೇ, ಹಿಡಿಯುವುದು ಹತ್ತಿರ ಹತ್ತಿರ ಐದು ಗಂಟೆ. ಅರ್ಜೆಂಟ್ ಇರುವವರು ಬಸ್ ಹಿಡಿಯಿರಿ.

ಕಲ್ಲಾರ್ ಸ್ಟೇಷನ್‌ನಲ್ಲಿ ಹಳಿಗಳ ನಡುವೆ ಸ್ವಲ್ಪ ಬಗ್ಗಿ ನೋಡಿ. ಗರಗಸದಂತೆ ಹಲ್ಲಿರುವ ಎರಡು ಉಕ್ಕಿನ ಪಟ್ಟಿಗಳು ಅಕ್ಕಪಕ್ಕ ಇರುತ್ತವೆ. ಒಂದರ ಹಲ್ಲು ಇರುವಲ್ಲಿ ಇನ್ನೊಂದರ ಸಂದು. ಎಂಜಿನ್ನಿನ ಹೊಟ್ಟೆಯ ಕೆಳಗಿರುವ ಹಲ್ಲುಚಕ್ರ ಇದನ್ನು ಕಚ್ಚಿಕೊಂಡು ಹತ್ತುತ್ತದೆ, ಹಾಗಾಗಿ ಯಾವ ಹೊತ್ತಿನಲ್ಲೂ ಒಂದಲ್ಲ ಒಂದು ಹಲ್ಲು ಸಿಕ್ಕಿಕೊಂಡೇ ಇರುತ್ತದೆ. 12 ಅಡಿ ಮುಂದೆ ಹೋದರೆ ಸುಮಾರು ಒಂದು ಅಡಿ ಮೇಲೆ, ಅಷ್ಟು ಕಡಿದು ಏರು. ಮಾಮೂಲಿ ಚಕ್ರಕ್ಕೆ ಇದು ಒಣ ಹಳಿಯಲ್ಲೇ ಆಗದ ಮಾತು. ಇನ್ನು ಮಳೆಯಲ್ಲಿ? ಅದರಲ್ಲೂ ಜೋರು ಮಳೆಗಿಂತ ಜಿನುಗು ಮಳೆಯೇ ಜಾಸ್ತಿ ಕಾಟ. ಜೋರು ಮಳೆ ಹಳಿಯನ್ನು ತೊಳೆದುಬಿಡುತ್ತದೆ. ಜಿನುಗು ಧೂಳು, ಎಣ್ಣೆ ಎಲ್ಲ ಸೇರಿಸಿ ಹಳಿ ಮೇಲೆ ಜಾರುವ ಲೇಪ ಮಾಡಿಡುತ್ತದೆ.

ಎಂಜಿನ್ ಇರುವುದು ಹಿಂದೆ, ರೈಲನ್ನು ಮೇಲಕ್ಕೆ ತಳ್ಳುತ್ತದೆ. ಅಂದರೆ ಡ್ರೈವರ್‌ಗೆ ಮುಂದಿನ ದಾರಿ ಕಾಣುವುದೇ ಇಲ್ಲ! ಒಂದೊಂದು ಬೋಗಿಗೂ ಬ್ರೇಕ್ ಹಾಕುವವರೊಬ್ಬರು ಇರುತ್ತಾರೆ. ಮುಂದಿನ ಬೋಗಿಯವರು ಹಳಿ ನೋಡಿ ಬಾವುಟ ಬೀಸಿದರೆ, ಹಿಂದಿನವರು ಅದನ್ನೇ ಬೀಸಿ ಎಂಜಿನ್‌ವರೆಗೆ ಸುದ್ದಿ ಮುಟ್ಟಿಸುತ್ತಾರೆ. ಮಂಜು ಕವಿದು ಮಳೆ ಮುಖಕ್ಕೆ ಹೊಡೆಯುವಾಗ ಈ ಕೆಲಸ ಹೇಗಿರಬಹುದು ಸುಮ್ನೆ ಯೋಚಿಸಿ. ಒಳಗೆ ಕೂತು ಸೆಲ್ಫಿ ತೆಗೆಯುವ ನಾವು ಅವರ ಕಡೆ ನೋಡುವುದೇ ಕಡಿಮೆ.

ನೀರು ತುಂಬಿಸಲು ದಾರಿಯಲ್ಲಿ ನಿಲ್ಲುತ್ತದೆ. ಹಿಲ್‌ಗ್ರೋವ್‌ನಲ್ಲಿ ಇಳಿದರೆ ತಿಂಡಿ ಹುಷಾರು, ಕೋತಿಗಳು ಬಿಡುವುದಿಲ್ಲ.

ಈಗ ಮಳೆ ಯಾವ ತಿಂಗಳಿನದು ಅನ್ನೋದು. ನಮಗೆ ಮಳೆಗಾಲ ಅಂದರೆ ಜೂನ್, ಜುಲೈ. ಆಗ ಗೂಡಲೂರು ಕಡೆ ಜಡಿಮಳೆ. ಆದರೆ ರೈಲು ಹತ್ತುವುದು ಬೆಟ್ಟದ ಪೂರ್ವದ ಮಗ್ಗುಲಲ್ಲಿ, ಅಲ್ಲಿಗೆ ಬರುವಷ್ಟರಲ್ಲಿ ಆ ಮಳೆಯ ಜೋರು ಇಳಿದಿರುತ್ತದೆ. ಮೋಡ, ತುಂತುರು, ಹಸಿರು. ನನ್ನ ಪ್ರಕಾರ ಹೋಗಬೇಕಾದದ್ದು ಆಗಲೇ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ನೇರ ಇದೇ ಮಗ್ಗುಲಿಗೆ ಬಡಿಯುತ್ತದೆ, ಗುಡ್ಡ ಜರಿದು ಹಳಿ ಮೇಲೆ ಮಣ್ಣು, ಬಂಡೆ ಬಿದ್ದು ರೈಲು ದಿನಗಟ್ಟಲೆ ನಿಲ್ಲುವುದುಂಟು. ದೀಪಾವಳಿ ರಜೆಗೇ ಹೋಗಬೇಕು ಅನ್ನುವವರು ಹೊರಡುವ ಹಿಂದಿನ ದಿನ ರೈಲು ಓಡುತ್ತಿದೆಯಾ ಅಂತ ವಿಚಾರಿಸಿಕೊಳ್ಳಿ. ಹೇಗೂ ಛತ್ರಿ ಬೇಡ, ಆ ಇಕ್ಕಟ್ಟಿನ ಬೋಗಿಯಲ್ಲಿ ಪಕ್ಕದವರ ಕಣ್ಣಿಗೇ ಚುಚ್ಚುತ್ತದೆ. ರೇನ್‌ಕೋಟ್ ಹಾಕಿಕೊಂಡು ಕಿಟಕಿ ತೆರೆದೇ ಇಡಿ.