ಎಲೆಯ ಗಾಣಕ್ಕೆ ಕಬ್ಬು ಸಿಕ್ಕಿಕೊಂಡಾಗ

ಗೆಳೆಯರೇ,

ಒಳಗೆ ಬರುವ ಮುನ್ನ ಹೊರಗಿನ ಹೊಂಗೆಮರದ ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದೆ. ಗಾಳಿ ಬೀಸಿದಾಗಲೆಲ್ಲ ಮೇಲಿನ ಕೊಂಬೆ ಸರಿದು, ಕೆಳಗಿನ ಎಲೆಗಳ ಮೇಲೆ ರೂಪಾಯಿ ಬಿಲ್ಲೆಯಷ್ಟು ಬಿಸಿಲು ಬಿದ್ದು ಮಾಯವಾಗುತ್ತಿತ್ತು. ಬಿಸಿಲು ತಾಗಿದೊಡನೆ ಎಲೆ ಅಡುಗೆಗೆ ಕೂರುತ್ತದೆ ಎಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಎಲೆ ಅಷ್ಟು ಚುರುಕಲ್ಲ. ಬಹಳ ಹೊತ್ತು ನೆರಳಲ್ಲಿದ್ದ ಎಲೆಗೆ ಪೂರ್ತಿ ವೇಗ ಹಿಡಿಯಲು ಹಲವು ನಿಮಿಷ ಬೇಕು. ಗೋಧಿಯಲ್ಲಿ ಈ ವಿಳಂಬದಿಂದ ಕಡಿಮೆಯೆಂದರೂ ಶೇ 21ರಷ್ಟು ಉತ್ಪಾದಕತೆ ಸೋರಿಹೋಗುತ್ತಿರಬಹುದು ಎಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ಆ ವಿಳಂಬದ ಹಿಂದೆ ನಿಂತಿರುವ ಕಿಣ್ವವೇ, ಅಂದರೆ ಜೀವಕೋಶದ ಕ್ರಿಯೆಗಳನ್ನು ನಡೆಸಿಕೊಡುವ ಪ್ರೋಟೀನೇ, ಇಂದಿನ ಕಥಾನಾಯಕ: ರುಬಿಸ್ಕೊ ಆಕ್ಟಿವೇಸ್.

ಮೊದಲು ಅದರ ಯಜಮಾನನ ಪರಿಚಯವಾಗಲಿ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯ ಹಾದಿಗೆ ತರುವ ಕಿಣ್ವ ರುಬಿಸ್ಕೊ. ಹೆಸರು ಬಿಸ್ಕತ್ತಿನಂತೆ ಕೇಳಿಸಿದರೆ ತಪ್ಪು ನಿಮ್ಮದಲ್ಲ. 1979ರಲ್ಲಿ ವಿಜ್ಞಾನಿಯೊಬ್ಬರ ನಿವೃತ್ತಿ ಸಮಾರಂಭದಲ್ಲಿ, ನಬಿಸ್ಕೊ ಎಂಬ ಅಮೆರಿಕದ ತಿಂಡಿ ಕಂಪನಿಯ ಹೆಸರನ್ನು ಅನುಕರಿಸಿ ತಮಾಷೆಗೆ ಇಟ್ಟ ಹೆಸರದು. ತಮಾಷೆ ಮರೆತುಹೋಯಿತು, ಹೆಸರು ಉಳಿಯಿತು. ಭತ್ತ, ಗೋಧಿಗಳಂಥ ಗಿಡಗಳ ಎಲೆಯಲ್ಲಿ ಕರಗುವ ಪ್ರೋಟೀನಿನ ಅರ್ಧದವರೆಗೂ ಇದೊಂದೇ ಇರಬಲ್ಲದು. ಕೆಲಸ ಮಾತ್ರ ನಿಧಾನ. ಸೆಕೆಂಡಿಗೆ ಸಾವಿರಾರು ಕ್ರಿಯೆ ಮುಗಿಸುವ ಕಿಣ್ವಗಳಿರುವ ಲೋಕದಲ್ಲಿ ರುಬಿಸ್ಕೊದ ಒಂದು ತಾಣ, ಅಂದರೆ ಕ್ರಿಯೆ ನಡೆಯುವ ಜಾಗ, ಮೂರು ನಾಲ್ಕು ಮುಗಿಸಿದರೆ ಹೆಚ್ಚು.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಕಬ್ಬಿನ ಹಾಲಿನ ಗಾಡಿಯನ್ನು ನೆನೆಸಿಕೊಳ್ಳಿ. ಉರುಳೆಗಳು ಸರಿಯಾಗಿ ಕೂರುವ ಮೊದಲೇ ಕಬ್ಬು ತುರುಕಿದರೆ ಗಾಣ ಕಚ್ಚಿಕೊಂಡು ನಿಲ್ಲುತ್ತದೆ. ರುಬಿಸ್ಕೊ ಕೆಲಸಕ್ಕೆ ಸಿದ್ಧವಾಗಬೇಕಾದರೆ ಅದರ ತಾಣದಲ್ಲಿರುವ ಲೈಸಿನ್ ಎಂಬ ಅಮೈನೊ ಆಮ್ಲಕ್ಕೆ ಒಂದು ಇಂಗಾಲದ ಡೈಆಕ್ಸೈಡ್ ಅಂಟಬೇಕು, ಅದರ ಮೇಲೆ ಮೆಗ್ನೀಸಿಯಮ್ ಬಂದು ಕೂರಬೇಕು. ಸಕ್ಕರೆಯಾಗುವ ಇಂಗಾಲ ಬೇರೆ. ಇದು ಬರೀ ಕೀಲು. ಕೀಲು ಬೀಳುವ ಮೊದಲೇ ರೈಬುಲೋಸ್ ಬಿಸ್‌ಫಾಸ್ಫೇಟ್ ಎಂಬ ಸಕ್ಕರೆ ನುಗ್ಗಿದರೆ ತಾಣ ಮುಚ್ಚಿಕೊಂಡುಬಿಡುತ್ತದೆ. ಆ ಸಕ್ಕರೆ ಪರಕೀಯ ವಿಷವೇನಲ್ಲ, ರುಬಿಸ್ಕೊದ ದಿನನಿತ್ಯದ ಅನ್ನವೇ. ತನ್ನ ತುತ್ತೇ ತನ್ನ ಗಂಟಲಿಗೆ ಸಿಕ್ಕಿದ ಸ್ಥಿತಿ.

ಗಾಣದ ಹುಡುಗ ಚಕ್ರವನ್ನು ಹಿಂದಕ್ಕೆ ತಿರುಗಿಸಿ ಕಬ್ಬನ್ನು ಎಳೆದು ತೆಗೆಯುತ್ತಾನಲ್ಲ, ಆಕ್ಟಿವೇಸ್ ಮಾಡುವುದು ಅದನ್ನೇ. ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿಯನ್ನು ಖರ್ಚು ಮಾಡಿ, ರುಬಿಸ್ಕೊವನ್ನು ಹಿಡಿದೆಳೆದು ತಾಣವನ್ನು ಸಡಿಲಿಸುತ್ತದೆ. ಸಿಕ್ಕಿಕೊಂಡ ಸಕ್ಕರೆ ಜಾರಿಹೋಗುತ್ತದೆ.

ಇಂಥದ್ದೊಂದು ಇದೆಯೆಂದು 1980ರ ದಶಕದವರೆಗೆ ಯಾರಿಗೂ ಗೊತ್ತಿರಲಿಲ್ಲ. ರುಬಿಸ್ಕೊ ತನ್ನಷ್ಟಕ್ಕೆ ತಾನೇ ಎಚ್ಚರಗೊಳ್ಳುತ್ತದೆ ಎಂದೇ ನಂಬಿದ್ದರು. ಸುಳಿವು ಕೊಟ್ಟದ್ದು ಒಂದು ರೋಗಿಷ್ಠ ಗಿಡ. ಅಮೆರಿಕದ ಇಲಿನಾಯ್‌ನ ಅರ್ಬಾನಾದಲ್ಲಿ ಕ್ರಿಸ್ ಸಾಮರ್‌ವಿಲ್, ಆರ್ಚಿ ಪೋರ್ಟಿಸ್, ವಿಲಿಯಂ ಆಗ್ರೆನ್ ಅವರು ಸಾಸಿವೆಯ ದೂರದ ನೆಂಟನಾದ ಅರಾಬಿಡಾಪ್ಸಿಸ್ ಗಿಡದ ಜೀನು ಕೆಟ್ಟ ಒಂದು ರೂಪಾಂತರವನ್ನು 1982ರಲ್ಲಿ ವರದಿ ಮಾಡಿದರು. ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿದ ಕೋಣೆಯಲ್ಲಿ ಅದು ಬದುಕುತ್ತಿತ್ತು, ಸಾಮಾನ್ಯ ಗಾಳಿಯಲ್ಲಿ ಸೊರಗುತ್ತಿತ್ತು. ಎಲೆ ಅರೆದು ರುಬಿಸ್ಕೊ ತೆಗೆದು ನೋಡಿದರೆ ಅದು ಸರಿಯಾಗಿಯೇ ಇದೆ! ಎಲೆಯೊಳಗಿದ್ದಾಗ ಮಾತ್ರ ಎಷ್ಟು ಬೆಳಕು ಬಿದ್ದರೂ ಏಳದು. ಹಾಗಾದರೆ ಎಬ್ಬಿಸುವವರು ಬೇರೆ ಯಾರೋ ಇರಬೇಕು. 1985ರಲ್ಲಿ ಮೈಕ್ ಸಾಲ್ವುಚ್ಚಿ, ಪೋರ್ಟಿಸ್ ಮತ್ತು ಆಗ್ರೆನ್ ಉತ್ತರ ಕೊಟ್ಟರು: ಆ ಗಿಡದಲ್ಲಿ ಎರಡು ಪ್ರೋಟೀನುಗಳೇ ಕಾಣೆಯಾಗಿದ್ದವು. ಅವೇ ಆಕ್ಟಿವೇಸ್. ಇರುವುದನ್ನು ಇಲ್ಲದಿರುವುದರಿಂದ ಪತ್ತೆಹಚ್ಚುವ ಈ ಜಾಣತನಕ್ಕೆ ನಾನು ಇಂದಿಗೂ ತಲೆದೂಗುತ್ತೇನೆ.

ಬೆಳಕಿನ ಸುದ್ದಿ ಆಕ್ಟಿವೇಸಿಗೆ ಹೇಗೆ ಮುಟ್ಟುತ್ತದೆ? ಬೆಳಕಿದ್ದಾಗ ಎಲೆಯ ಹಸಿರು ಕಣವಾದ ಕ್ಲೋರೋಪ್ಲಾಸ್ಟಿನಲ್ಲಿ ಎಟಿಪಿ ಏರುತ್ತದೆ; ಕತ್ತಲಾದರೆ, ಎಟಿಪಿ ಖರ್ಚಾದ ಮೇಲೆ ಉಳಿಯುವ ಎಡಿಪಿಯ ಪಾಲು ಹೆಚ್ಚಿ ಆಕ್ಟಿವೇಸಿನ ಕೈ ಕಟ್ಟುತ್ತದೆ. ಅನೇಕ ಗಿಡಗಳಲ್ಲಿ ಇದರ ಎರಡು ರೂಪಗಳಿವೆ. ದೊಡ್ಡದರ ಬಾಲದಲ್ಲಿ ಗಂಧಕದ ಬೆಸುಗೆಯೊಂದಿದ್ದು, ಬೆಳಕಿನಲ್ಲಿ ಥಯೊರೆಡಾಕ್ಸಿನ್ ಎಂಬ ಪ್ರೋಟೀನು ಅದನ್ನು ಬಿಚ್ಚಿ ಕೆಲಸಕ್ಕೆ ಅಣಿಗೊಳಿಸುತ್ತದೆ. ತಂಬಾಕು ಚಿಕ್ಕ ರೂಪವೊಂದರಲ್ಲೇ ಸಂಸಾರ ನಡೆಸುತ್ತದೆ.

ಈಗ ಬಿಸಿಯ ಮಾತು. ರುಬಿಸ್ಕೊ 50 ಡಿಗ್ರಿ ಸೆಲ್ಸಿಯಸ್ಸಿಗೂ ಜಗ್ಗದ ಗಟ್ಟಿಗ; ಅದನ್ನು ಬಿಡಿಸಬೇಕಾದ ಸಹಾಯಕ ಮಾತ್ರ ನಾಜೂಕು. ತಂಪು ನಾಡಿನ ಬೆಳೆಗಳಲ್ಲಿ ಎಲೆಯ ಉಷ್ಣತೆ 35 ಡಿಗ್ರಿಯ ಆಸುಪಾಸಿಗೆ ಬಂದರೆ ಆಕ್ಟಿವೇಸ್ ಸೋಲತೊಡಗುತ್ತದೆ. ಗಾಣ ಗಟ್ಟಿಯಿದೆ, ಕಬ್ಬೂ ಇದೆ, ಹುಡುಗ ತಲೆಸುತ್ತಿ ಕೂತಿದ್ದಾನೆ. ಬಿಸಿಗೆ ದ್ಯುತಿಸಂಶ್ಲೇಷಣೆ ಕುಗ್ಗಲು ಇದೊಂದೇ ಕಾರಣವೇ ಎಂಬ ಬಗ್ಗೆ ತಜ್ಞರಲ್ಲಿ ಜಗಳವಿದೆ. ಮುಖ್ಯ ಕಾರಣಗಳಲ್ಲಿ ಒಂದು ಎಂಬ ಪಕ್ಷಕ್ಕೆ ನಾನು ಸೇರುತ್ತೇನೆ.

ಮದ್ದು ಹುಡುಕುವವರು ಎರಡು ದಾರಿ ಹಿಡಿದಿದ್ದಾರೆ. ಉತ್ತರ ಆಸ್ಟ್ರೇಲಿಯಾದ ಬಿಸಿಲಲ್ಲಿ ತಾನಾಗಿ ಬೆಳೆಯುವ ಕಾಡುಭತ್ತ ಒರೈಜಾ ಆಸ್ಟ್ರೇಲಿಯೆನ್ಸಿಸ್‌ನ ಆಕ್ಟಿವೇಸ್ ಹೆಚ್ಚು ಬಿಸಿ ತಾಳುತ್ತದೆ. ಅದನ್ನು ನಮ್ಮ ಊಟದ ಭತ್ತಕ್ಕೆ ಸೇರಿಸಿ ನೋಡಿದ್ದಾರೆ, ಬಿಸಿಯಲ್ಲಿ ಬೆಳವಣಿಗೆಯೂ ಕಾಳೂ ಸುಧಾರಿಸಿವೆ. ಇನ್ನೊಂದು, 2020ರಲ್ಲಿ ಪ್ರಕಟವಾದ ಗೋಧಿಯ ಕೆಲಸ. ಅದರ ಆಕ್ಟಿವೇಸಿನ 159ನೇ ಸ್ಥಾನದಲ್ಲಿದ್ದ ಮೆಥಿಯೊನಿನ್ ಎಂಬ ಅಮೈನೊ ಆಮ್ಲ ತೆಗೆದು ಐಸೊಲ್ಯೂಸಿನ್ ಎಂಬ ಇನ್ನೊಂದನ್ನು ಇಟ್ಟರು, ಅಷ್ಟೇ. ಪ್ರಯೋಗನಳಿಕೆಯಲ್ಲಿ ಆ ಕಿಣ್ವದ ಅನುಕೂಲ ಉಷ್ಣತೆ 5 ಡಿಗ್ರಿ ಮೇಲೇರಿತು. ಹೊಲ ಪ್ರಯೋಗನಳಿಕೆಯಲ್ಲ ಎಂಬುದು ಇಲ್ಲಿರುವ ರೈತರಿಗೆ ನನಗಿಂತ ಚೆನ್ನಾಗಿ ಗೊತ್ತು.

ರಾಗಿ, ಜೋಳ, ಮೆಕ್ಕೆಜೋಳಗಳಿಗೆ ಈ ಕಾಟವಿಲ್ಲವೇ ಎಂದು ಮುಂದಿನ ಸಾಲಿನಿಂದ ಆಗಲೇ ಒಬ್ಬರು ಕೇಳಿದರು. ಅವು ಇಂಗಾಲವನ್ನು ಒತ್ತಿ ತುಂಬುವ ಸಿ4 ಪಂಗಡದವು, ಬಿಸಿಲಿಗೆ ಗಟ್ಟಿ. ಆದರೂ ಅವುಗಳ ರುಬಿಸ್ಕೊಗೂ ಆಕ್ಟಿವೇಸ್ ಬೇಕು, ಮತ್ತು ಮೆಕ್ಕೆಜೋಳದ ಎಲೆಯನ್ನು ಬಿಸಿಮಾಡಿ ನೋಡಿದವರಿಗೆ ಅಲ್ಲಿಯೂ ರುಬಿಸ್ಕೊ ಮಂಕಾಗುವುದು ಕಂಡಿದೆ. ನೀರಿಲ್ಲದೆ ಎಲೆಯ ರಂಧ್ರ ಮುಚ್ಚಿಕೊಂಡರೆ ಎಲೆ ಸುತ್ತಲಿನ ಗಾಳಿಗಿಂತಲೂ ಬಿಸಿಯಾಗುತ್ತದೆ. ಆದ್ದರಿಂದ ಮುಂದಿನ ಬೇಸಿಗೆಯಲ್ಲಿ ಪತ್ರಿಕೆಯ ಹವಾಮಾನ ಅಂಕಣ ಓದುವಾಗ ನೆನಪಿಡಿ, ಅಲ್ಲಿ ಅಚ್ಚಾಗಿರುವುದು ಗಾಳಿಯ ಉಷ್ಣತೆ, ಎಲೆಯದ್ದಲ್ಲ.