ಈಡು ಬಿದ್ದಿದೆ ಅಂತ ಡಾಕ್ಟರಿಗೆ ಹೇಳಿಬಿಡಿ

ನಮಸ್ಕಾರ. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಇವತ್ತಿನ ಮಾತು ಸ್ವಲ್ಪ ಚುಚ್ಚಬಹುದು. ರಾತ್ರಿ ತೋಟದಂಚಿನಲ್ಲಿ ಹಂದಿಗೆ ಹೊಡೆದ ಈಡು, ಅಂದ್ರೆ ಕೋವಿಯ ಗುಂಡು, ಜೊತೆಗಾರನ ದವಡೆಗೆ ಬೀಳುತ್ತೆ. ಕರ್ಕೊಂಡು ಬಂದವರು ಆಸ್ಪತ್ರೆಯಲ್ಲಿ ಹೇಳೋದು ಒಂದೇ: 'ಧರೆಯಿಂದ ಜಾರಿ ಬಿದ್ದ ಸಾರ್.' ಶಿಕಾರಿ ಕೇಸಾಗುತ್ತೆ ಅನ್ನೋ ಭಯ. ಭಯ ಸುಳ್ಳಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಆದರೆ ಎಕ್ಸ್‌ರೇಯಲ್ಲಿ ಚರೆಗಳು, ಈಡಿನೊಳಗಿನ ಸಣ್ಣ ಲೋಹದ ಗುಂಡುಗಳು, ಬೆಳ್ಳಗೆ ಕಾಣ್ತಾವೆ ಕಣ್ರಿ, ಯಾರನ್ನ ನಂಬಿಸ್ತೀರಿ? ಪೊಲೀಸರಿಗೆ ಆಸ್ಪತ್ರೆಯವರು ತಿಳಿಸಲೇಬೇಕು. ಆದರೆ ಮೊದಲು ಜೀವ ಉಳಿಸಿ, ಕಾಗದಪತ್ರ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ನನ್ನ ಸಿಟ್ಟು ಕಾನೂನಿನದ್ದಲ್ಲ. ಕೇಸಿಗೆ ಹೆದರಿ ಊರಿನ ಕ್ಲಿನಿಕ್ಕಲ್ಲಿ ಹೊಲಿಗೆ ಹಾಕಿಸ್ಕೊಂಡು ಕೂರ್ತಾರಲ್ಲ, ಅದರದ್ದು. ದವಡೆಯ ಮುಂಭಾಗ ಒಡೆದರೆ ನಾಲಿಗೆಗೆ ಹಿಡಿತ ತಪ್ಪುತ್ತೆ. ಅಂಗಾತ ಮಲಗಿಸಿದಿರೋ, ಅದು ಹಿಂದಕ್ಕೆ ಸರಿದು ಉಸಿರು ಕಟ್ಟುತ್ತೆ. ಎಚ್ಚರ ಇದ್ದರೆ ಮುಂದಕ್ಕೆ ಬಾಗಿ ಕೂರಲಿ, ರಕ್ತ ಹೊರಗೆ ಹರಿಯಲಿ. ಕೆಲವೊಮ್ಮೆ ಕತ್ತಿನಲ್ಲಿ ರಂಧ್ರ ಮಾಡಿ ಉಸಿರಿನ ದಾರಿ ಮಾಡಬೇಕಾಗುತ್ತೆ. ಮೂಳೆಯ ವಿಚಾರ ಆಮೇಲಿನದು.

ಬಿದ್ದು ಮುರಿದ ದವಡೆಗೆ ಸಾಮಾನ್ಯವಾಗಿ ಸಣ್ಣ ಪ್ಲೇಟ್ ಸಾಕು, ಭಾರವನ್ನ ಮೂಳೆಯೂ ಹಂಚಿಕೊಳ್ಳುತ್ತೆ. ಹತ್ತಿರದಿಂದ ಬಿದ್ದ ಈಡು ಮೂಳೆಯನ್ನ ಹಪ್ಪಳದ ಹಾಗೆ ಪುಡಿ ಮಾಡಿರುತ್ತೆ, ಅಲ್ಲಿ ಹಂಚಿಕೊಳ್ಳೋಕೆ ಏನೂ ಉಳಿದಿರಲ್ಲ. ಹಿಂದೆಲ್ಲ ಗಾಯ ಬಿಚ್ಚೋಕೇ ಹೆದರ್ತಿದ್ರು. ಮೂಳೆಯ ಮೇಲಿನ ಪೊರೆ ಕಿತ್ತರೆ ಚೂರುಗಳಿಗೆ ರಕ್ತ ತಪ್ಪುತ್ತೆ ಅಂತ, ಹಲ್ಲುಗಳಿಗೆ ತಂತಿ ಬಿಗಿದು ಕಾಯ್ತಿದ್ರು. ಈಗ ಗಾಯ ತೊಳೆದು, ಸತ್ತ ಭಾಗ ಮಾತ್ರ ತೆಗೆದು, ಮೇಲಿನ ಕೆಳಗಿನ ಹಲ್ಲು ಸರಿಯಾಗಿ ಕೂರಿಸಿ, ಗಟ್ಟಿ ಮೂಳೆಯಿಂದ ಗಟ್ಟಿ ಮೂಳೆಗೆ ದಪ್ಪ ಟೈಟಾನಿಯಂ ಪ್ಲೇಟ್ ಹಾಕ್ತಾರೆ. ಮೂಳೆಯೇ ಹಾರಿಹೋಗಿದ್ದರೆ ಕಾಲಿನ ಸಣ್ಣ ಮೂಳೆಯನ್ನ ರಕ್ತನಾಳದ ಸಮೇತ ತಂದು ಜೋಡಿಸಬಹುದು. ಅದು ಒಂದೇ ದಿನಕ್ಕೆ ಮುಗಿಯೋ ಕೆಲಸ ಅಲ್ಲ.

ಇದನ್ನ ಮಾಡೋರು ಹಲ್ಲಿನ ಓದಿನಿಂದಲೇ ಬಂದ ಮುಖ-ದವಡೆ ಸರ್ಜನ್‌ಗಳು. 'ಗುಂಡೇಟಿಗೆ ಹಲ್ಲಿನ ಡಾಕ್ಟ್ರಾ?' ಅಂತ ಮೂಗು ಮುರೀಬೇಡಿ. ಹಾಸನದಲ್ಲಿ ಡೆಂಟಲ್ ಕಾಲೇಜೇ ಇದೆ, ಘಾಟಿ ಇಳಿಯೋ ಮೊದಲು ಅಲ್ಲಿಗೊಂದು ಫೋನ್ ಮಾಡಿ ಕೇಳಿ. ಆಪರೇಷನ್ ಆದ್ಮೇಲೂ 'ಚರೆ ಒಳಗೇ ಬಿಟ್ಟಿದ್ದಾರೆ' ಅಂತ ವಾರ್ಡಲ್ಲಿ ಜಗಳ ತೆಗೀಬೇಡಿ. ಕೀಲಿನ ಒಳಗಿದ್ದರೆ ತೆಗೀತಾರೆ. ಮಾಂಸದಲ್ಲಿ ಸುಮ್ಮನೆ ಕೂತಿರೋದನ್ನ ಹುಡುಕ್ತಾ ಹೋದರೆ ಮುಖದ ನರಕ್ಕೇ ಪೆಟ್ಟು.